ಹೊಸ ಕಪಾಟಿನ ವಾಸನಿ

ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನಿಗೆ ಪ್ಲೈವುಡ್ ಕಪಾಟು ಬಂದು ಹದಿನೈದು ದಿನ ಆತು. ಬಾಗಲಾ ತೆಗದ್ರ ಇನ್ನೂ ಕಣ್ಣು ಚುರುಚುರು ಅಂತಾವ. ಅವ್ವ ಇಳಕಲ್ ಸೀರಿ ಒಳಗ ಇಡಾಕ ಒಲ್ಲೆ ಅಂತಾಳ.

"ಹೊಸಾದ್ರ ವಾಸನಿ, ಹೋಗತೈತ್ರೀ ಅಕ್ಕಾರ" ಅಂದ್ರು ಬಡಿಗ್ಯಾರು. ಅದು ಕಟಿಗಿ ವಾಸನಿ ಅಲ್ಲ, ಅಂಟಿಂದು. ಪದರ ಕೂಡಿಸೋ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಸೆಕಿಗೆ, ಹಸಿ ಹವಾಕ್ಕ ಸಡಲ ಆಗಿ ಸಾವಕಾಶ ಫಾರ್ಮಾಲ್ಡಿಹೈಡ್ ಅನಿಲ ಬಿಡತೈತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಾಗನ ಫಾರ್ಮಾಲ್ಡಿಹೈಡನ್ನ ಮನುಷ್ಯರಿಗೆ ಕ್ಯಾನ್ಸರ್ ತರೋ ವಸ್ತು ಅಂತ ಹೇಳೇತಿ. ನಮಗ ಹದಿನೈದು ದಿನದ ಉರಿ. ದಿನಾ ಇಂಥಾ ಪ್ಲೈವುಡ್ ಕೊಯ್ಯೋ ಬಡಿಗ್ಯಾರ ಎದಿಗೆ ಎಷ್ಟು ಹೋಗಿರಬೇಕು?

ಖನಿಜದ ಅಂಟೂ ಐತಿ. ಮ್ಯಾಗ್ನೀಷಿಯಂ ಆಕ್ಸೈಡ್ ಪುಡಿಗೆ ಮ್ಯಾಗ್ನೀಷಿಯಂ ಕ್ಲೋರೈಡ್ ನೀರು ಹಾಕಿ ಕಲಸಿದ್ರ ಕಲ್ಲಿನಂಗ ಬಿಗೀತೈತಿ. ಫ್ರಾನ್ಸಿನ ಎಂಜಿನಿಯರ್ ಸೊರೆಲ್ 1867ರಾಗನ ಇದನ್ನ ತೋರಿಸಿದ್ದ. ಫಾರ್ಮಾಲ್ಡಿಹೈಡ್ ಇಲ್ಲ, ಬೆಂಕಿಗೂ ಲಗೂನ ಜಗ್ಗಂಗಿಲ್ಲ. ನೀರಾಗ ಬಾಳ ನೆನದ್ರ ಮಾತ್ರ ಬಲ ಕಳಕೊಂತೈತಿ, ಅದರಾಗಿನ ಕ್ಲೋರೈಡಿಗೆ ಮೊಳಿ ತುಕ್ಕು ಹಿಡಿತಾವ. ಅಡಗಿಮನಿ ಸಿಂಕಿನ ಕೆಳಗ ಬ್ಯಾಡ, ಮಲಗೋ ಖೋಲಿ ಕಪಾಟಿಗೆ ಇಂಥಾ ಹಲಗಿ ಸಿಕ್ರ ನಾ ನಾಕು ರೊಕ್ಕ ಹೆಚ್ಚು ಕೊಟ್ಟು ತರತೇನಿ.

ಸದ್ಯ ಕಿಡಕಿ ತಗದು ಫ್ಯಾನ್ ಹಚ್ಚೇನಿ. ಅವ್ವನ ಸೀರಿ ಹಳೇ ಟ್ರಂಕಿನ್ಯಾಗ ಅದಾವ.