ಲೇಬಲ್ ಮತ್ತು ನೆನಪು: ಊಟದ ಇಬ್ಬರು ದುರ್ಬಲ ಸಾಕ್ಷಿಗಳು

ನಾವು ತಿನ್ನುವ ಆಹಾರ ಎಲ್ಲಿಂದ ಬಂತು, ಅದನ್ನು ನಾವು ಹೇಗೆ ತಿನ್ನುತ್ತೇವೆ ಎಂದು ವಿಚಾರಿಸಹೊರಟರೆ ಮೊದಲು ಎದುರಾಗುವ ಸಾಕ್ಷಿಗಳು ಎರಡು: ಪೊಟ್ಟಣದ ಮೇಲಿನ ಲೇಬಲ್ ಮತ್ತು ತಿಂದವರ ನೆನಪು. ಈ ವಿಷಯವನ್ನು ಓದುತ್ತಾ ಹೋದಂತೆಲ್ಲ ಎರಡನ್ನೂ ನಾನು ಅರೆಮನಸ್ಸಿನಿಂದಲೇ ನಂಬುವಂತಾಗಿದೆ.

ಲೇಬಲ್ ಸುಳ್ಳನ್ನೇ ಹೇಳುತ್ತದೆಂದಲ್ಲ. ಅನೇಕ ವೇಳೆ ಅದು ಪೊಟ್ಟಣ ಕಟ್ಟಿದವರ ವಿಳಾಸವನ್ನು ಹೇಳಿ, ಬೆಳೆದವರ ವಿಷಯದಲ್ಲಿ ಸುಮ್ಮನಾಗುತ್ತದೆ. ಧಾನ್ಯ, ಎಣ್ಣೆ, ಜೇನುತುಪ್ಪದಂಥ ಪದಾರ್ಥಗಳು ಹಲವು ಕಡೆಗಳಿಂದ ಬಂದು ಒಟ್ಟಿಗೆ ಬೆರೆಯುವುದರಿಂದ, ಆ ಹಂತ ದಾಟಿದ ಮೇಲೆ ಕಾಗದಪತ್ರಗಳನ್ನು ಹಿಡಿದು ಮೂಲದ ಹೊಲದವರೆಗೆ ಹೋಗುವುದು ಬಹಳ ಕಷ್ಟ. 2013ರ ಜನವರಿಯಲ್ಲಿ ಐರ್ಲೆಂಡಿನ ಆಹಾರ ಸುರಕ್ಷತಾ ಪ್ರಾಧಿಕಾರವು ದನದ ಮಾಂಸದ್ದೆಂದು ಮಾರಾಟವಾಗುತ್ತಿದ್ದ 27 ಬರ್ಗರ್ ಮಾದರಿಗಳ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದಾಗ, ಅವುಗಳಲ್ಲಿ 10ರಲ್ಲಿ ಕುದುರೆಯ ಡಿಎನ್‌ಎ ಸಿಕ್ಕಿತ್ತು.

ಹಾಗಾಗಿ ಕಾಗದವನ್ನು ಬಿಟ್ಟು ಪದಾರ್ಥವನ್ನೇ ಮಾತಾಡಿಸುವುದು ಲೇಸು. ಜೇನುತುಪ್ಪದ ಪರೀಕ್ಷೆ ನನಗೆ ಅತ್ಯಂತ ಇಷ್ಟವಾದ ಉದಾಹರಣೆ. ಸಸ್ಯಗಳೆಲ್ಲ ಗಾಳಿಯ ಇಂಗಾಲವನ್ನು ಒಂದೇ ಬಗೆಯಲ್ಲಿ ಹಿಡಿಯುವುದಿಲ್ಲ. ಜೇನುನೊಣಗಳು ಎಡತಾಕುವ ಹೂಗಿಡಗಳಲ್ಲಿ ಬಹುಪಾಲು ಒಂದು ಕ್ರಮವನ್ನು ಅನುಸರಿಸಿದರೆ, ಕಬ್ಬು ಮತ್ತು ಮೆಕ್ಕೆಜೋಳ ಇನ್ನೊಂದನ್ನು ಅನುಸರಿಸುತ್ತವೆ, ಹೀಗಾಗಿ ಇವೆರಡರ ಸಕ್ಕರೆಯಲ್ಲಿ ಇಂಗಾಲ-13 ಎಂಬ ಭಾರದ ಪರಮಾಣುವಿನ ಪ್ರಮಾಣ ತುಸು ಹೆಚ್ಚಿರುತ್ತದೆ. ಪ್ರಯೋಗಾಲಯದವರು ಜೇನುತುಪ್ಪದಲ್ಲಿರುವ ಅತ್ಯಲ್ಪ ಪ್ರೋಟೀನನ್ನು ಬೇರ್ಪಡಿಸಿ, ಅದರ ಇಂಗಾಲವನ್ನು ಅದೇ ತುಪ್ಪದ ಇಂಗಾಲದೊಂದಿಗೆ ತಾಳೆ ನೋಡುತ್ತಾರೆ. ಹೊರಗಿನಿಂದ ಸುರಿದ ಪಾಕ ಸಕ್ಕರೆಯ ಲೆಕ್ಕವನ್ನು ಕದಡಬಹುದೇ ಹೊರತು ಪ್ರೋಟೀನಿನದನ್ನಲ್ಲ. ಆದರೆ ಅಕ್ಕಿ ಅಥವಾ ಬೀಟ್ ಗೆಡ್ಡೆಯ ಪಾಕವನ್ನು ಬೆರೆಸಿದರೆ ಈ ಪರೀಕ್ಷೆ ಸೋಲುತ್ತದೆ, ಏಕೆಂದರೆ ಅವು ಆ ಹೂಗಿಡಗಳ ಗುಂಪಿಗೇ ಸೇರಿದವು. ಕಲಬೆರಕೆ ಮಾಡುವವರಿಗೂ ಸಸ್ಯಶಾಸ್ತ್ರ ಗೊತ್ತು. ತುಪ್ಪದಲ್ಲಿ ಉಳಿದ ಪರಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವ ಹೂವು, ಯಾವ ಸೀಮೆ ಎಂದು ಊಹಿಸಬಹುದಾದರೂ, ತೀರಾ ನಯವಾಗಿ ಸೋಸಿದಲ್ಲಿ ಆ ಗುರುತೂ ಹೋಗುತ್ತದೆ.

ತಿಂದವರ ನೆನಪಿನ ಪಾಡು ಇದಕ್ಕಿಂತ ಉತ್ತಮವಾಗೇನೂ ಇಲ್ಲ. ನಿನ್ನೆ ಏನೇನು ತಿಂದಿರಿ ಎಂದು ಕೇಳಿ ಬರೆದುಕೊಳ್ಳುವುದು ಆಹಾರ ಸಮೀಕ್ಷೆಗಳ ಹಳೆಯ ರೂಢಿ. ಇದನ್ನು ಒರೆಗೆ ಹಚ್ಚಲು ಒಂದು ಜಾಣ ಉಪಾಯವಿದೆ: ಭಾರದ ಹೈಡ್ರೋಜನ್ ಮತ್ತು ಭಾರದ ಆಮ್ಲಜನಕವಿರುವ ನೀರನ್ನು ಕುಡಿಸಿ, ಮುಂದೆ ಒಂದೆರಡು ವಾರ ಮೂತ್ರದಲ್ಲಿ ಅವು ಎಷ್ಟು ಬೇಗ ಕಡಿಮೆಯಾಗುತ್ತವೆಂದು ಅಳೆಯುತ್ತಾರೆ. ಹೈಡ್ರೋಜನ್ ನೀರಿನ ರೂಪದಲ್ಲಿ ಮಾತ್ರ ಹೊರಹೋದರೆ, ಆಮ್ಲಜನಕ ಉಸಿರಿನ ಇಂಗಾಲದ ಡೈಆಕ್ಸೈಡಿನಲ್ಲಿಯೂ ಹೋಗುವುದರಿಂದ, ಎರಡರ ಅಂತರದಿಂದ ದೇಹ ವ್ಯಯಿಸಿದ ಶಕ್ತಿಯ ಲೆಕ್ಕ ಸಿಗುತ್ತದೆ. ತೂಕ ಸ್ಥಿರವಾಗಿರುವವರಲ್ಲಿ ತಿಂದದ್ದೂ ವ್ಯಯವಾದದ್ದೂ ಸರಿಹೊಂದಬೇಕು. ಜನ ಬರೆಸಿದ ಲೆಕ್ಕ ಮಾತ್ರ ಮತ್ತೆ ಮತ್ತೆ ಕಡಿಮೆ ಬಿದ್ದಿದೆ. ಇದನ್ನು ಸುಳ್ಳೆನ್ನಲು ನನಗೆ ಮನಸ್ಸಿಲ್ಲ, ಸುಮ್ಮನೆ ಬಾಯಾಡಿಸಿದ್ದನ್ನು ಯಾರೂ ಊಟವೆಂದು ಎಣಿಸುವುದಿಲ್ಲ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗವು ನೆನಪನ್ನು ಬದಿಗಿಟ್ಟು ತಟ್ಟೆಯನ್ನೇ ಅಳೆಯಿತು. 20 ಜನ ವಯಸ್ಕರನ್ನು ಅಲ್ಲಿಯೇ ಇರಿಸಿಕೊಂಡು, ಎರಡು ವಾರ ಅತಿಸಂಸ್ಕರಿತ ಆಹಾರವನ್ನೂ ಎರಡು ವಾರ ಸಂಸ್ಕರಿಸದ ಆಹಾರವನ್ನೂ ಬಡಿಸಿ, ಬೇಕಾದಷ್ಟು ತಿನ್ನಲು ಬಿಟ್ಟರು. ಸಂಖ್ಯೆ ಸಣ್ಣದು, ನಿಜ. ಆದರೆ ಬಡಿಸಿದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು, ಉಪ್ಪುಗಳನ್ನೆಲ್ಲ ಸರಿದೂಗಿಸಿದ್ದರು. ಆದರೂ ಅತಿಸಂಸ್ಕರಿತ ಆಹಾರವಿದ್ದಾಗ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಾಗಿ ಒಳಸೇರಿತು, ತಿನ್ನುವ ವೇಗವೂ ಹೆಚ್ಚಿತ್ತು, ತೂಕ ಸರಾಸರಿ 0.9 ಕಿಲೊ ಏರಿತು. ಇನ್ನೊಂದು ಆಹಾರದಲ್ಲಿ ಅಷ್ಟೇ ಇಳಿಯಿತು. ರುಚಿ ಹೇಗಿತ್ತೆಂದು ಕೇಳಿದಾಗ ಮಾತ್ರ ಅವರು ಎರಡಕ್ಕೂ ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.