ಟೂ ನೈಟ್ಸ್ ಡಿಫೆನ್ಸ್: ತಂಗಿಯ ತಯಾರಿ ಎಲ್ಲಿಗೆ ಬಂತು

ಇಷ್ಟು ದಿನ ಕೂತು ಕಲಿತ ಟೂ ನೈಟ್ಸ್ ಡಿಫೆನ್ಸನ್ನು (ಚೆಸ್‌ನಲ್ಲಿ ಕಪ್ಪು ತನ್ನ ಎರಡೂ ಕುದುರೆಗಳನ್ನು ಬೇಗ ಹೊರತರುವ ಆರಂಭ) ತಂಗಿ ಕೊನೆಗೂ ಟೂರ್ನಮೆಂಟಿನಲ್ಲಿ ಆಡಿದಳು. 12 ವರ್ಷದೊಳಗಿನವರ ವಿಭಾಗ, ಅವಳಿಗೆ ಕಪ್ಪು. ಎದುರಿಗಿದ್ದ ಹುಡುಗ ನಾಲ್ಕನೇ ನಡೆಗೇ ಕುದುರೆಯನ್ನು ಜಿ5ಕ್ಕೆ ತಂದ. ಈ ವಯಸ್ಸಿನ ಮಕ್ಕಳಿಗೆ ಕಪ್ಪು ರಾಜನ ಪಕ್ಕದ ದುರ್ಬಲ ಮನೆ ಎಫ್7 ಮೇಲೆ ಕಣ್ಣು ಜಾಸ್ತಿ, ಹಾಗಾಗಿ ಇದಕ್ಕೆ ಸಿದ್ಧವಾಗೇ ಹೋಗಿದ್ದೆವು.

ಅವಳು ಪಾನನ್ನು (ಕಾಲಾಳನ್ನು) ಡಿ5ಕ್ಕೆ ಆಡಿದಳು. ಬಿಳಿ ಆ ಪಾನ್ ಹೊಡೆಯಿತು. ಅದನ್ನು ಕುದುರೆಯಿಂದ ತಿರುಗಿ ಹೊಡೆದರೆ ಬಿಳಿ ಎಫ್7ರಲ್ಲಿ ಕುದುರೆ ಬಲಿ ಕೊಟ್ಟು ನಮ್ಮ ರಾಜನನ್ನು ಹೊರಗೆಳೆಯುತ್ತದೆ. ಅದಕ್ಕೇ ಇನ್ನೊಂದು ಕುದುರೆ ಎ5ಕ್ಕೆ. 16ನೇ ಶತಮಾನದ ಇಟಲಿಯ ಆಟಗಾರ ಪೊಲೆರಿಯೊ ಹೆಸರಿನ ನಡೆ ಇದು. ಪಾನ್ ಹೋದರೂ ಕಾಯಿಗಳನ್ನು ಬೇಗ ಹೊರತರಲು ಸಮಯ ಸಿಗುತ್ತದೆ. ಮುಂದೆ ಬಿಳಿ ಬಿಷಪ್ ಬಿ5ರಿಂದ ಚೆಕ್ ಕೊಟ್ಟಿತು, ಇವಳು ಸಿ6ಕ್ಕೆ ಪಾನ್ ಅಡ್ಡ ಇಟ್ಟಳು, ಅಲ್ಲಿ ಪಾನ್‌ಗಳ ಅದಲುಬದಲು ಆಯಿತು.

ಸ್ಕೋರ್ ಶೀಟಿನಲ್ಲಿ ನಡೆಯ ಪಕ್ಕ ಗಡಿಯಾರದ ಸಮಯವನ್ನೂ ಬರೆಯಲು ಹೇಳಿದ್ದೆ, ನಿಯಮದಲ್ಲಿ ಅದಕ್ಕೆ ಅವಕಾಶವಿದೆ. ಏಳನೇ ನಡೆಯವರೆಗೆ ಸಮಯ ಹೆಚ್ಚೇನೂ ಇಳಿದಿಲ್ಲ. ಎಂಟರಲ್ಲಿ ದೊಡ್ಡ ಇಳಿತ. ಸಾಮಾನ್ಯವಾಗಿ ಅಲ್ಲಿ ಬಿಷಪ್ ಬಿ5ರಿಂದ ಇ2ಕ್ಕೆ ಸರಿಯುತ್ತದೆ. ಈ ಹುಡುಗ ರಾಣಿಯನ್ನು ಎಫ್3ಕ್ಕೆ ತಂದ. ಸಿ6 ಪಾನ್ ಮೇಲೆ ಎರಡು ದಾಳಿ, ಹಿಂದೆ ಎ8ರಲ್ಲಿ ನಮ್ಮ ಆನೆ. ನೋಡಿದರೆ ಯಾರಿಗಾದರೂ ಭಯ ಆಗುತ್ತೆ ಅಲ್ವಾ?

ತುಂಬಾ ಹೊತ್ತು ಯೋಚಿಸಿ ಅವಳು ಬಿಷಪ್ಪನ್ನು ಇ7ಕ್ಕೆ ಇಟ್ಟಳು. ಪಾನ್ ಹೋಗಲಿ ಅಂತ! ನನಗೆ ಇಡೀ ಆಟದಲ್ಲಿ ತುಂಬಾ ಖುಷಿ ಕೊಟ್ಟ ನಡೆ ಇದೇ. ಸಿ6ರಲ್ಲಿ ಬಿಷಪ್ ಹೊಡೆಯಿತು, ಕುದುರೆ ಹೊಡೆಯಿತು, ರಾಣಿ ಚೆಕ್ ಕೊಡುತ್ತಾ ಹೊಡೆಯಿತು. ಇವಳು ಬಿಷಪ್ಪನ್ನು ಡಿ7ಕ್ಕೆ ತಂದಳು. ರಾಣಿ ಮತ್ತೆ ಎಫ್3ಕ್ಕೆ ಹೋಗಬೇಕಾಯಿತು. ಕ್ಯಾಸ್ಲಿಂಗ್ ಮಾಡಿ (ರಾಜನನ್ನು ಮೂಲೆಯ ಕಡೆ ಸರಿಸಿ) ಬಿಷಪ್ಪನ್ನು ಸಿ6ಕ್ಕೆ ಇಟ್ಟ ಮೇಲೆ ರಾಣಿ ಪುನಃ ಜಾಗ ಬಿಟ್ಟಿತು. ಎರಡು ಪಾನ್ ಕಡಿಮೆ, ನಿಜ. ಆದರೆ ಬಿಳಿಯ ಬಿ1 ಕುದುರೆ, ಸಿ1 ಬಿಷಪ್, ಎ1 ಆನೆ ಮೂರೂ ಇನ್ನೂ ಮನೆಯಲ್ಲೇ ಇದ್ದವು. ನಮ್ಮ ಹತ್ತಿರ ಎರಡೂ ಬಿಷಪ್.

ಮುಂದೆ ಎಚ್6, ಇ4 ಅಂತ ಪಾನ್ ತಳ್ಳಿ ಒತ್ತಡ ಹಾಕಿ ಒಂದು ಪಾನ್ ವಾಪಸ್ ಪಡೆದಳು. ಕೊನೆಗೆ ಬೇರೆ ಬೇರೆ ಬಣ್ಣದ ಮನೆಯ ಬಿಷಪ್‌ಗಳು ಉಳಿದು ಆಟ ಡ್ರಾ ಆಯಿತು. ಪಾನ್ ಬೇಗ ವಾಪಸ್ ಸಿಗಲಿ ಅಂತ ಅವಸರ ಮಾಡದಿದ್ದರೆ ಗೆಲ್ಲುವ ಅವಕಾಶವೂ ಇತ್ತು ಅನ್ನೋದು ನನ್ನ ಅನಿಸಿಕೆ. ಅವಳು ಒಪ್ಪಿಲ್ಲ, ಡ್ರಾ ಸರಿ ಅಂತಾಳೆ.

ಈ ವಾರ ಬಿಷಪ್ ಡಿ7ಕ್ಕೆ ಬಂದ ಆ ಸ್ಥಿತಿಯನ್ನೇ ಬೋರ್ಡ್ ಮೇಲೆ ಜೋಡಿಸಿ ಆಡುತ್ತಿದ್ದೇವೆ. ಒಮ್ಮೆ ಅವಳು ಕಪ್ಪು, ಒಮ್ಮೆ ಬಿಳಿ. ಎಂಜಿನ್ (ಚೆಸ್ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಸದ್ಯಕ್ಕೆ ಬೇಡ. ಬಿಳಿ ಹಿಡಿದು ಆ ಎರಡು ಪಾನ್ ಕಾಪಾಡೋದು ಎಷ್ಟು ಕಷ್ಟ ಅಂತ ಅವಳೇ ಆಡಿ ನೋಡಲಿ.