ತಾಯಿ ಕಾರ್ಡಿನ ನೆಗೆಟಿವ್

ಆಳಂದದ ಕಡೆ ಒಂದು ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೋಗಿದ್ದೆ. ಹಸಿರು ಸೀರೆ, ಕೈ ತುಂಬ ಬಳೆ, ಶೇಂಗಾ ಹೋಳಿಗೆ. ಪಪ್ಪಾಯಿ ತಿನ್ನಬೇಡ, ಗ್ರಹಣ ನೋಡಬೇಡ ಅಂತ ಎಲ್ಲರೂ ಹೇಳುವವರೇ. ತಾಯಿ ಕಾರ್ಡಿನಲ್ಲಿದ್ದ 'ಬಿ ನೆಗೆಟಿವ್' ಬಗ್ಗೆ ಕೇಳಿದ್ದು ಆಶಾ ಅಕ್ಕ ಒಬ್ಬರೇ. ಗಂಡನ ರಕ್ತದ ಗ್ರೂಪ್ ಯಾವುದು? ಅತ್ತೆಗೆ ಗೊತ್ತಿಲ್ಲ, ಕೇಳೋಕೆ ಸೊಸೆಗೆ ಸಂಕೋಚ. ಜಾತಕ ಮಾತ್ರ ಕೂಡಿಸಿ ನೋಡಿದ್ದರಂತೆ!

ಗಂಡ ಪಾಸಿಟಿವ್ ಆಗಿದ್ದರೆ 28ನೇ ವಾರದ ಹೊತ್ತಿಗೆ ಆಂಟಿ-ಡಿ ಇಂಜೆಕ್ಷನ್ ಬೇಕು; ಮಗುವಿನ ಪಾಸಿಟಿವ್ ರಕ್ತದ ವಿರುದ್ಧ ತಾಯಿಯ ಮೈ ತಿರುಗಿ ಬೀಳದಂತೆ ತಡೆಯುವುದು ಅದೇ. ಮಗುವೂ ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಅದಕ್ಕೇ ಯಾರಿಗೂ ಗಾಬರಿ ಇಲ್ಲ. ಪೆಟ್ಟು ಬೀಳುವುದು ಮುಂದಿನದಕ್ಕೆ. ಗರ್ಭ ಹೋದಾಗಲೂ ಈ ಇಂಜೆಕ್ಷನ್ ಬೇಕಾಗಬಹುದು. ಆದರೆ ಅದನ್ನು ಮನೆಯಲ್ಲೇ ಮುಚ್ಚಿಡುತ್ತಾರಲ್ವಾ? ಆಮೇಲೆ ಎರಡನೆಯದು ಉಳಿಯದಿದ್ದರೆ, ಸೊಸೆಯ ಕಾಲ್ಗುಣ ಅಂತ ಆಡಿಕೊಳ್ಳುವುದು ಬೇರೆ.